ಟಿಎ, ಅಗ್ನಿವೀರ, ಕೆಎಸ್‌ಆರ್‌ಪಿ, ಹೋಮ್ ಗಾರ್ಡ್: ಯಾರ ಮನೆಗೆ ಯಾವುದು ಹೊಂದುತ್ತದೆ?

ಹೋದ ತಿಂಗಳು ಒಂದು ಸಂಜೆ ಎಮ್ಮೆ ಹಿಂಡಿ ಹಾಲಿನ ಕ್ಯಾನ್ ಕಟ್ಟೆ ಮೇಲೆ ಇಡುತ್ತಿದ್ದೆ. ಹಿಂದಿನ ಓಣಿಯ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. ಬಿ.ಎ. ಎರಡನೇ ವರ್ಷ ಓದುತ್ತಿದ್ದಾನೆ. ಇಪ್ಪತ್ತು ತುಂಬಿದೆ.

“ಕಾಕಾ, ಟಿಎ ಭರ್ತಿ ಬರತೈತಂತ. ಅದಕ್ಕ ಹೋಗ್ಲ್ಯೊ, ಅಗ್ನಿವೀರಕ್ಕ ಹೋಗ್ಲ್ಯೊ?”

“ಟಿಎ ಅಂದ್ರ ಏನಂತ ಗೊತ್ತೈತೇನಪಾ ತಮ್ಮಾ?”

“ಮಿಲಿಟರಿನ ಅಲ್ಲೇನ್ರಿ?”

ಮಿಲಿಟರಿ ಹೌದು. ಆದರೆ ಅವನು ಅಂದುಕೊಂಡ ಹಾಗೆ ಅಲ್ಲ. ನಾನು ಟಿಎದಲ್ಲಿ, ಅಂದರೆ ಟೆರಿಟೋರಿಯಲ್ ಆರ್ಮಿಯಲ್ಲಿ, ಹಲವು ವರ್ಷ ಇದ್ದು ಬಂದವನು. ಈಗ ಬೈಲಹೊಂಗಲ ತಾಲ್ಲೂಕಿನಲ್ಲಿ ಕಬ್ಬು ಬೆಳೆಯುತ್ತೇನೆ. ಈ ಪ್ರಶ್ನೆಯನ್ನು ನನಗೆ ಎಷ್ಟೋ ಹುಡುಗರು ಕೇಳಿದ್ದಾರೆ. ಬಾಯಿಮಾತಲ್ಲಿ ಹೇಳಿದ್ದು ಅರ್ಧ ಮರೆಯುತ್ತದೆ, ಅದಕ್ಕೆ ಈ ಸಲ ಬರೆದೇ ಬಿಡುತ್ತಿದ್ದೇನೆ.

2024ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಟಿಎ ರ್‍ಯಾಲಿ ನಡೆದಾಗ ನಾನೂ ಕ್ಯಾಂಪ್ ಕಡೆ ಹೋಗಿದ್ದೆ. ಕರ್ನಾಟಕದವರಷ್ಟೇ ಅಲ್ಲ, ಬೇರೆ ಬೇರೆ ರಾಜ್ಯಗಳ ಹುಡುಗರು ಸಾವಿರಗಟ್ಟಲೆ ಬಂದಿದ್ದರು. ರಾತ್ರಿ ಚಳಿಯಲ್ಲಿ ರಸ್ತೆ ಬದಿಗೆ ಚಾದರ ಹಾಸಿ ಮಲಗಿದ್ದರು. ತಲೆ ಕೆಳಗೆ ಬ್ಯಾಗು, ಬ್ಯಾಗಿನಲ್ಲಿ ಮಾರ್ಕ್ಸ್ ಕಾರ್ಡು. ಇಂಡಿ ಕಡೆಯ ಒಬ್ಬ ಹುಡುಗನ ಜೊತೆ ಚಹಾ ಕುಡಿದೆ. ಅವನು ಕೈಯಲ್ಲಿದ್ದ ಗ್ಯಾರೇಜ್ ಕೆಲಸ ಬಿಟ್ಟೇ ಬಂದಿದ್ದ. “ಇಲ್ಲಿ ಆದ್ರ ಲೈಫ್ ಸೆಟ್ಲ್ ಅಣ್ಣಾ” ಅಂದ. ನನಗೆ ಬಾಯಿಗೆ ಮಾತೇ ಬರಲಿಲ್ಲ. ಟಿಎಗೆ ಕೈಯಲ್ಲಿ ಕೆಲಸ ಇದ್ದವನು ಬೇಕು. ಅವನು ಇದ್ದ ಕೆಲಸ ಬಿಟ್ಟು ಬಂದಿದ್ದಾನೆ.

ನಾನು ಹೇಳಬೇಕಾದ ಮಾತು ಅದೇ. ಟಿಎ ಎರಡನೇ ದುಡಿಮೆ. ಮೊದಲನೆಯದು ಮನೆಯಲ್ಲಿ ಇರಬೇಕು. ಉಳಿದ ಹೋಲಿಕೆಯನ್ನೆಲ್ಲ ಇದನ್ನು ತಲೆಯಲ್ಲಿ ಇಟ್ಟುಕೊಂಡು ಮಾಡಿ.

‘ರಿಸರ್ವ್’ ಅಂದ ಮಾತ್ರಕ್ಕೆ ಎಲ್ಲವೂ ಒಂದಲ್ಲ

ನಮ್ಮ ಕಡೆ ಗೊಂದಲ ಹುಟ್ಟುವುದೇ ಈ ಮಾತಿನಿಂದ. ಡಿಎಆರ್ ಅಂದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆ. ಕೆಎಸ್‌ಆರ್‌ಪಿ (ಕರ್ನಾಟಕ ರಾಜ್ಯ ಮೀಸಲು ಪೊಲೀಸ್) ಹೆಸರಲ್ಲೂ ರಿಸರ್ವ್ ಇದೆ, ಸಿಆರ್‌ಪಿಎಫ್ (ಕೇಂದ್ರ ಮೀಸಲು ಪೊಲೀಸ್ ಪಡೆ) ಹೆಸರಲ್ಲೂ ಇದೆ. ಐಆರ್‌ಬಿ ಅಂದರೆ ಇಂಡಿಯಾ ರಿಸರ್ವ್ ಬೆಟಾಲಿಯನ್. ಇವೆಲ್ಲ ಪೊಲೀಸ್ ಪಡೆಗಳು. ಅಲ್ಲಿ ಸೇರಿದವನು ವರ್ಷವಿಡೀ ಡ್ಯೂಟಿ ಮಾಡುತ್ತಾನೆ, ತಿಂಗಳು ತಿಂಗಳು ಸಂಬಳ ಎಣಿಸುತ್ತಾನೆ. ಪಡೆ ಮೀಸಲು, ಮನುಷ್ಯನ ನೌಕರಿ ಕಾಯಂ.

ಟೆರಿಟೋರಿಯಲ್ ಆರ್ಮಿಯಲ್ಲಿ ಇದು ಉಲ್ಟಾ. ಕನ್ನಡದಲ್ಲಿ ಪ್ರಾದೇಶಿಕ ಸೇನೆ ಅಂತಾರೆ. ಅಲ್ಲಿ ಮನುಷ್ಯನೇ ಮೀಸಲು. ಅವನು ಊರಲ್ಲಿ ರೈತ, ಮಾಸ್ತರ, ಅಂಗಡಿಕಾರ. ಕರೆದಾಗ ಸೈನಿಕ. ಸೈನ್ಯಕ್ಕೆ ನಿಜವಾದ ಅರ್ಥದಲ್ಲಿ ಮೀಸಲು ಪಡೆ ಅಂದರೆ ಇದೇ.

ಟಿಎ ಹೇಗೆ ಕಟ್ಟಿದ್ದಾರೆ

1948ರಲ್ಲಿ ಟೆರಿಟೋರಿಯಲ್ ಆರ್ಮಿ ಕಾಯ್ದೆ ಬಂತು. 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅದನ್ನು ಉದ್ಘಾಟಿಸಿದರು. ಈಗಲೂ ಅಕ್ಟೋಬರ್ 9 ಟಿಎ ದಿನ.

ಟಿಎದಲ್ಲಿ ಒಂದೇ ನಮೂನೆಯ ಪಡೆ ಇಲ್ಲ. ಇನ್‌ಫೆಂಟ್ರಿ ಬೆಟಾಲಿಯನ್‌ಗಳಿವೆ. ಬರಡು ಗುಡ್ಡಗಳಲ್ಲಿ ಗಿಡ ನೆಡುವ ಇಕೋ ಬೆಟಾಲಿಯನ್‌ಗಳಿವೆ. ಮೊದಲ ಇಕೋ ಬೆಟಾಲಿಯನ್ 1982ರಲ್ಲಿ ಗಢ್ವಾಲ್ ಕಡೆಗೆ ಶುರುವಾಯಿತು. ರೈಲ್ವೆ ಮತ್ತು ತೈಲ ಕಂಪನಿಗಳ ನೌಕರರಿಂದಲೇ ಕಟ್ಟಿದ ಡಿಪಾರ್ಟ್‌ಮೆಂಟಲ್ ಯೂನಿಟ್‌ಗಳೂ ಇವೆ. ಯುದ್ಧ ಬಂದರೆ ರೈಲು ಓಡಬೇಕು, ಎಣ್ಣೆ ಬರಬೇಕು, ಅದಕ್ಕೆ. ನಮ್ಮ ಹುಡುಗರು ಭರ್ತಿಗೆ ಓಡುವುದು ಮಾತ್ರ ಇನ್‌ಫೆಂಟ್ರಿಗೆ.

ಪ್ರತಿ ಇನ್‌ಫೆಂಟ್ರಿ ಟಿಎ ಬೆಟಾಲಿಯನ್ ಸೈನ್ಯದ ಒಂದು ರೆಜಿಮೆಂಟ್‌ಗೆ ಅಂಟಿಕೊಂಡಿರುತ್ತದೆ. ಬೆಳಗಾವಿಯಲ್ಲಿ ಇರುವುದು 115 ಇನ್‌ಫೆಂಟ್ರಿ ಬೆಟಾಲಿಯನ್ (ಟಿಎ) ಮಹಾರ್. ಕೊಲ್ಹಾಪುರದ್ದು 109, ಅದು ಮರಾಠಾ ಲೈಟ್ ಇನ್‌ಫೆಂಟ್ರಿಯದು. ಬೆಂಗಳೂರಿನದು 106 ಪ್ಯಾರಾ. ಧೋನಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿರುವುದು ಇದರಲ್ಲೇ. 2019ರಲ್ಲಿ ಕಾಶ್ಮೀರದಲ್ಲಿ ಇದೇ ಪಡೆಯ ಜೊತೆ ಡ್ಯೂಟಿ ಮಾಡಿದರು.

ಇಲ್ಲಿ ನಮ್ಮವರು ಒಂದು ತಪ್ಪು ಮಾಡುತ್ತಾರೆ. ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟಲ್ ಸೆಂಟರ್ ಇದೆ, ಹಾಗಾಗಿ ಬೆಳಗಾವಿ ಟಿಎ ಕೂಡ ಮರಾಠಾದ್ದೇ ಅಂದುಕೊಳ್ಳುತ್ತಾರೆ. ಅಲ್ಲ. ಮಹಾರ್ ರೆಜಿಮೆಂಟಿನ ಸೆಂಟರ್ ಈಗ ಮಧ್ಯಪ್ರದೇಶದ ಸಾಗರದಲ್ಲಿದೆ. ಆದರೆ 1941ರಲ್ಲಿ ಆ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದು ನಿಂತಿದ್ದು ನಮ್ಮ ಬೆಳಗಾವಿಯಲ್ಲೇ. ಇದನ್ನು ಕೇಳಿದಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಒಳಗಿನ ವ್ಯವಸ್ಥೆ ಮಾಮೂಲಿ ಸೈನ್ಯದ ಹಾಗೇ. ಹತ್ತು ಜನರ ಸೆಕ್ಷನ್. ಮೂರು ಸೆಕ್ಷನ್ ಸೇರಿ ಪ್ಲಟೂನ್, ಮೂರು ಪ್ಲಟೂನ್ ಸೇರಿ ಕಂಪನಿ. ಬಟ್ಟೆ ಅದೇ, ಬಂದೂಕು ಅದೇ, ಕಾನೂನು ಅದೇ. ಪಡೆಯ ಹಿರಿಯ ಅಧಿಕಾರಿಗಳಲ್ಲಿ ಮತ್ತು ಕಲಿಸುವವರಲ್ಲಿ ರೆಗ್ಯುಲರ್ ಸೈನ್ಯದವರು ಇರುತ್ತಾರೆ.

ನೆಲೆ ಒಂದು ಕಡೆ, ಡ್ಯೂಟಿ ಇನ್ನೊಂದು ಕಡೆ

‘ಬೆಳಗಾವಿ ಬೆಟಾಲಿಯನ್’ ಅಂದರೆ ದಿನಾ ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗಬಹುದು ಅಂತ ಒಬ್ಬರು ತಾಯಿ ನನ್ನ ಹತ್ತಿರ ಹೇಳಿದ್ದರು. ಪಾಪ, ಹಾಗಲ್ಲ. ಬೆಳಗಾವಿ ಅದರ ನೆಲೆ. ದಾಖಲೆ, ಸ್ಟೋರು, ತರಬೇತಿ ಇಲ್ಲಿ. ಡ್ಯೂಟಿ ಎಲ್ಲಿ ಬೇಕಾದರೂ ಬೀಳುತ್ತದೆ. 1962, 1965, 1971ರ ಯುದ್ಧಗಳಲ್ಲಿ ಟಿಎ ಯೂನಿಟ್‌ಗಳು ಕೆಲಸ ಮಾಡಿವೆ. ಶ್ರೀಲಂಕಾದ ಆಪರೇಷನ್ ಪವನ್‌ಗೂ ಹೋಗಿವೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿ, ಟಿಎ ಅಧಿಕಾರಿಗಳನ್ನೂ ಜವಾನರನ್ನೂ ಕರೆಯುವ ಅಧಿಕಾರವನ್ನು ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಇದ್ದ 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನು ಬೇರೆ ಬೇರೆ ಕಮಾಂಡ್‌ಗಳಿಗೆ ನಿಯೋಜಿಸಲು ಅದರಲ್ಲಿ ಹೇಳಿತ್ತು. ಆ ವಾರ ನನ್ನ ಹಳೇ ಸಂಗಾತಿಗಳ ವಾಟ್ಸ್ಆಪ್ ಗ್ರೂಪಿನಲ್ಲಿ ಯಾರಿಗೂ ನಿದ್ದೆ ಇರಲಿಲ್ಲ.

ಕರೆಯುವುದಕ್ಕೆ ಟಿಎ ಭಾಷೆಯಲ್ಲಿ ‘ಎಂಬಾಡಿ’ ಆಗುವುದು ಅಂತಾರೆ. ವಾಪಸ್ ಮನೆಗೆ ಕಳಿಸಿದರೆ ‘ಡಿಸ್‌ಎಂಬಾಡಿ’. ಈ ಎರಡು ಮಾತು ಗೊತ್ತಿಲ್ಲದೆ ಟಿಎ ಫಾರ್ಮ್ ತುಂಬಬೇಡಿ. ನಿಮ್ಮ ಸಂಬಳ, ಪೆನ್ಷನ್, ಮನೆ, ಎಲ್ಲ ಇವುಗಳ ಮೇಲೆ ನಿಂತಿದೆ.

ನನಗೆ ಒಂದು ಸಲ ಪತ್ರ ಬಂದಿದ್ದು ಡಿಸೆಂಬರ್‌ನಲ್ಲಿ. ಕಬ್ಬು ನಿಂತಿತ್ತು. ಕಡಿಯುವ ಗ್ಯಾಂಗಿನ ಮುಕಾದಮನಿಗೆ ಮುಂಗಡ ಕೊಟ್ಟಾಗಿತ್ತು. ಅಟ್ಟದ ಮೇಲಿಂದ ಕಪ್ಪು ಟ್ರಂಕು ಇಳಿಸಿದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ನನ್ನ ನಂಬರು, ಹೆಸರು. ಮುಚ್ಚಳ ತೆಗೆದರೆ ನುಸಿಗುಳಿಗೆ ವಾಸನೆ. ಹೆಂಡತಿ ಒಂದೊಂದೇ ಬಟ್ಟೆ ಮಡಚಿ ಇಡುತ್ತಾ, “ಫ್ಯಾಕ್ಟರಿ ಸ್ಲಿಪ್ ಯಾರ ಹೆಸರಿಗೆ ಬರತೈತಿ? ಲಾರಿ ಬಂದ್ರ ಯಾರಿಗೆ ಫೋನ್ ಹಚ್ಚಲಿ?” ಅಂತ ಕೇಳುತ್ತಿದ್ದಳು. ಅಳಲಿಲ್ಲ. ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಂಡಳು. ಆ ವರ್ಷ ಕಬ್ಬು ಕಳಿಸಿದ್ದು ಅವಳು ಮತ್ತು ನನ್ನ ತಮ್ಮ. ಅವರಿಬ್ಬರು ಇಲ್ಲದಿದ್ದರೆ ನಾನು ಟಿಎ ಸೈನಿಕ ಆಗಿರಲು ಸಾಧ್ಯವೇ ಇರಲಿಲ್ಲ.

ಹಣದ ಲೆಕ್ಕ: ಟಿಎ ಮತ್ತು ಅಗ್ನಿವೀರ

ಎಂಬಾಡಿ ಆಗಿರುವಷ್ಟು ದಿನ ಟಿಎ ಜವಾನನಿಗೆ ರೆಗ್ಯುಲರ್ ಸೈನಿಕನ ಸಂಬಳವೇ. ಶುರುವಿನ ಮೂಲ ವೇತನ 21,700 ರೂಪಾಯಿ, ಮಿಲಿಟರಿ ಸರ್ವಿಸ್ ಪೇ 5,200, ಮೇಲೆ ತುಟ್ಟಿಭತ್ಯೆ. ಕ್ಯಾಂಟೀನ್, ಆಸ್ಪತ್ರೆ ಸೌಲಭ್ಯ ಆಗ ಸಿಗುತ್ತದೆ. ಡಿಸ್‌ಎಂಬಾಡಿ ಆದ ಮೇಲೆ ಸಂಬಳ ಇಲ್ಲ. ಮನೆ ದುಡಿಮೆಯೇ ಗತಿ.

ನಿಯಮದ ಪ್ರಕಾರ ವರ್ಷಕ್ಕೆ ಎರಡು ತಿಂಗಳು ತರಬೇತಿ. ಅದರಾಚೆ ಎಷ್ಟು ದಿನ ಕರೆಯುತ್ತಾರೆ ಅನ್ನುವುದು ದೇಶದ ಪರಿಸ್ಥಿತಿ ಮೇಲೆ ನಿಂತಿದೆ. ಕೆಲವರಿಗೆ ವರ್ಷಗಟ್ಟಲೆ ಡ್ಯೂಟಿ ಬಿದ್ದಿದೆ, ಕೆಲವರಿಗೆ ಇಲ್ಲ.

ಪೆನ್ಷನ್ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಜವಾನರಿಗೆ 15 ವರ್ಷದ ಸೇವೆ ಬೇಕು. ಆ 15 ವರ್ಷ ಕ್ಯಾಲೆಂಡರ್ ಲೆಕ್ಕವಲ್ಲ, ಎಂಬಾಡಿ ಆಗಿದ್ದ ದಿನಗಳ ಲೆಕ್ಕ. ಒಬ್ಬನನ್ನು ಬರೀ ವರ್ಷಕ್ಕೆ ಎರಡು ತಿಂಗಳಂತೆ ಕರೆದರು ಅನ್ನಿ. ಇಪ್ಪತ್ತು ವರ್ಷಕ್ಕೆ ಆಗುವುದು ನಲವತ್ತು ತಿಂಗಳು. ಅಂದರೆ ಮೂರು ವರ್ಷ ನಾಲ್ಕು ತಿಂಗಳು. ಪೆನ್ಷನ್ ನಂಬಿ ಟಿಎ ಸೇರುವವರು ಈ ಲೆಕ್ಕವನ್ನು ಮನೆಯವರ ಮುಂದೆ ಕೂತು ಮಾಡಬೇಕು.

ಅಗ್ನಿವೀರದ ಲೆಕ್ಕ ಮೊದಲೇ ಬರೆದಿಟ್ಟ ಹಾಗೆ. 2022ರ ಜೂನ್ 14ರಂದು ಯೋಜನೆ ಘೋಷಣೆ ಆಯಿತು. ಅವಧಿ ನಾಲ್ಕು ವರ್ಷ, ತರಬೇತಿಯೂ ಅದರಲ್ಲೇ ಸೇರಿದೆ. ಮೊದಲ ವರ್ಷ ತಿಂಗಳಿಗೆ 30,000, ಆಮೇಲೆ 33,000, 36,500, ಕೊನೆಯ ವರ್ಷ 40,000. ಇದರಲ್ಲಿ ಶೇ 30 ಸೇವಾ ನಿಧಿಗೆ ಹೋಗುತ್ತದೆ. ಹಾಗಾಗಿ ಮೊದಲ ವರ್ಷ ಕೈಗೆ ಬರುವುದು 21,000. ಹುಡುಗ ಹಾಕಿದಷ್ಟೇ ಸರ್ಕಾರವೂ ಹಾಕುತ್ತದೆ. ನಾಲ್ಕು ವರ್ಷಕ್ಕೆ 10.04 ಲಕ್ಷ. ಬಡ್ಡಿ ಸೇರಿ ಸುಮಾರು 11.71 ಲಕ್ಷ, ತೆರಿಗೆ ಇಲ್ಲ. 48 ಲಕ್ಷದ ವಿಮೆ ಇದೆ, ಅದಕ್ಕೆ ಹುಡುಗ ಕಂತು ಕಟ್ಟುವುದಿಲ್ಲ. ನಾಲ್ಕು ವರ್ಷದ ನಂತರ ಶೇ 25ರವರೆಗೆ ಮಾತ್ರ ಕಾಯಂ ಸೈನ್ಯಕ್ಕೆ ತೆಗೆದುಕೊಳ್ಳುತ್ತಾರೆ. ಉಳಿದವರು ಹಣ ತೆಗೆದುಕೊಂಡು ಮನೆಗೆ. ಅವರಿಗೆ ಪೆನ್ಷನ್ ಇಲ್ಲ.

ನಾಲ್ಕು ಹುಡುಗರಲ್ಲಿ ಮೂವರು ವಾಪಸ್ ಬರುತ್ತಾರೆ ಅಂತ ಹಿಡಿದೇ ತೀರ್ಮಾನ ಮಾಡಿ. ಆ ನಾಲ್ಕನೆಯವನು ನಮ್ಮ ಮಗನೇ ಅಂತ ಪ್ರತಿಯೊಬ್ಬ ತಂದೆಗೂ ಅನಿಸುತ್ತದೆ. ಅನಿಸಲಿ, ತಪ್ಪಿಲ್ಲ. ಆದರೆ 11 ಲಕ್ಷವನ್ನು ತಂಗಿ ಮದುವೆಗೋ ಮನೆ ಸ್ಲ್ಯಾಬಿಗೋ ಮೊದಲೇ ಎತ್ತಿಡಬೇಡಿ. ಅದು ಹುಡುಗನ ಎರಡನೇ ಬದುಕಿನ ಬಂಡವಾಳ.

ವಯಸ್ಸು, ಎತ್ತರ, ಓಟ

ಅಗ್ನಿವೀರಕ್ಕೆ ಹದಿನೇಳೂವರೆಯಿಂದ 21 ವರ್ಷ. ಟಿಎಗೆ 18ರಿಂದ 42. ನನ್ನ ಲೆಕ್ಕದಲ್ಲಿ ಎರಡರ ನಡುವಿನ ದೊಡ್ಡ ವ್ಯತ್ಯಾಸ ಇದೇ. ಒಂದು ಬಾಗಿಲು ಬೇಗ ಮುಚ್ಚುತ್ತದೆ, ಇನ್ನೊಂದು ಇಪ್ಪತ್ತು ವರ್ಷ ತೆರೆದೇ ಇರುತ್ತದೆ.

ಎತ್ತರದಲ್ಲೂ ವ್ಯತ್ಯಾಸ ಇದೆ. ನಮ್ಮ ರಾಜ್ಯದವರಿಗೆ ಅಗ್ನಿವೀರ ಜನರಲ್ ಡ್ಯೂಟಿಗೆ 166 ಸೆಂ.ಮೀ. ಬೇಕು, ಟಿಎಗೆ 160 ಸಾಕು. ಎರಡಕ್ಕೂ 1.6 ಕಿ.ಮೀ. ಓಟ, ಪುಲ್‌ಅಪ್, ಒಂಬತ್ತು ಅಡಿ ಹಳ್ಳ ಹಾರುವುದು ಇದ್ದೇ ಇದೆ. ಐದೂವರೆ ನಿಮಿಷದೊಳಗೆ ಓಟ ಮುಗಿಸಿದರೆ ಪೂರ್ತಿ ಅಂಕ. ಕ್ರಮ ಮಾತ್ರ ಬೇರೆ. ಅಗ್ನಿವೀರಕ್ಕೆ ಮೊದಲು ಕಂಪ್ಯೂಟರ್ ಪರೀಕ್ಷೆ, ಆಮೇಲೆ ಮೈದಾನ. ಟಿಎದಲ್ಲಿ ಮೊದಲು ಮೈದಾನ, ಕೊನೆಗೆ ಬರೆಯುವ ಪರೀಕ್ಷೆ. ಓಟ ಚೆನ್ನಾಗಿದ್ದು ಪುಸ್ತಕ ಕಂಡರೆ ಆಗದ ಹುಡುಗರು ಅಗ್ನಿವೀರದಲ್ಲಿ ಮೈದಾನದ ಮುಖವನ್ನೇ ನೋಡದೆ ಹೊರಗೆ ಬೀಳುತ್ತಾರೆ. ಅವರಿಗೆ ನಾನು ಹೇಳುವುದು, ಬೆಳಿಗ್ಗೆ ಓಡಿದ ಮೇಲೆ ಮಧ್ಯಾಹ್ನ ಗಣಿತ ಮಾಡಿ. ಎನ್‌ಸಿಸಿ ಸರ್ಟಿಫಿಕೇಟ್ ಇದ್ದರೆ ಹೆಚ್ಚುವರಿ ಅಂಕ ಸಿಗುತ್ತದೆ. ಕಾಲೇಜಿಗೆ ಸೇರಿದ ವರ್ಷವೇ ಎನ್‌ಸಿಸಿಗೆ ಹೆಸರು ಕೊಡಿ.

ಪದವಿ ಮುಗಿದು, ಸ್ವಂತ ದುಡಿಮೆ ಇದ್ದು, 42ರ ಒಳಗಿದ್ದರೆ ಟಿಎ ಅಧಿಕಾರಿ ಹುದ್ದೆಗೂ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆ, ಆಮೇಲೆ ಎಸ್‌ಎಸ್‌ಬಿ, ಅಂದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಸಂದರ್ಶನ. ನಮ್ಮ ಕಡೆ ಇಂಜಿನಿಯರ್‌ಗಳು, ಲೆಕ್ಚರರ್‌ಗಳು ಎಷ್ಟೊಂದು ಜನ ಇದ್ದಾರೆ. ಇದನ್ನು ಯಾರೂ ಯೋಚಿಸುವುದೇ ಇಲ್ಲ ಅನ್ನುವುದು ನನಗೆ ಬೇಸರ.

ಪೊಲೀಸ್ ಕಡೆಯ ಮೀಸಲು

ಕೆಎಸ್‌ಆರ್‌ಪಿಗೆ ಬೆಳಗಾವಿ ಹೊಸದಲ್ಲ. ಮಚ್ಛೆಯಲ್ಲಿ ಬೆಟಾಲಿಯನ್ ಇದೆ, ಕಂಗ್ರಾಳಿಯಲ್ಲಿ ತರಬೇತಿ ಶಾಲೆ ಇದೆ. ಇವರನ್ನು ತುಕಡಿ ಲೆಕ್ಕದಲ್ಲಿ ಕಳಿಸುತ್ತಾರೆ. ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ನೋಡಿ, ಬೇರೆ ಬೇರೆ ಜಿಲ್ಲೆಗಳ ತುಕಡಿ ಬೆಳಗಾವಿಗೆ ಬಂದಿರುತ್ತವೆ. ಗಣೇಶ ವಿಸರ್ಜನೆ, ಚುನಾವಣೆ, ಗಲಾಟೆ, ಎಲ್ಲಿ ಬೇಕೋ ಅಲ್ಲಿ. ಡಿಎಆರ್‌ನವರು ಜಾಸ್ತಿ ಜಿಲ್ಲೆಯೊಳಗೇ ಇರುತ್ತಾರೆ. ಕೈದಿಗಳ ಎಸ್ಕಾರ್ಟ್, ಖಜಾನೆ ಕಾವಲು, ಬಂದೋಬಸ್ತ್. ವಿಜಯಪುರದಲ್ಲಿ, ಕೊಪ್ಪಳದ ಮುನಿರಾಬಾದ್‌ನಲ್ಲಿ ಐಆರ್‌ಬಿ ಇದೆ. ಅದು ರಾಜ್ಯದ ಪಡೆಯೇ, ಕೇಂದ್ರ ಕೇಳಿದರೆ ಹೊರರಾಜ್ಯಕ್ಕೂ ಹೋಗಬೇಕಾಗುತ್ತದೆ.

ಹತ್ತನೇ ಪಾಸಾದವರು ಕೆಎಸ್‌ಆರ್‌ಪಿ, ಡಿಎಆರ್ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕಬಹುದು. ಇದು 60ರವರೆಗಿನ ನೌಕರಿ. ಇಂಡಿಯ ಆ ಹುಡುಗ ಹುಡುಕುತ್ತಿದ್ದದ್ದು ನಿಜಕ್ಕೂ ಇದನ್ನೇ. ಸಿಆರ್‌ಪಿಎಫ್ ಕೂಡ ಕಾಯಂ. ಅದರ ಕಾನ್‌ಸ್ಟೇಬಲ್ ಭರ್ತಿಗೆ ನಡೆಯುವ ಎಸ್‌ಎಸ್‌ಸಿ ಜಿಡಿ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷ್, ಹಿಂದಿಗೆ ಹೆದರಿ ಬಿಟ್ಟವರು ಈಗ ಬಿಡಬೇಡಿ.

ಹೋಮ್ ಗಾರ್ಡ್ ಇನ್ನೊಂದು ಜಾತಿ. 1946ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಶುರುವಾಯಿತು. ಆಗ ನಮ್ಮ ಬೆಳಗಾವಿ, ವಿಜಯಪುರ ಎರಡೂ ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಅದು ಸ್ವಯಂಸೇವೆ. ಡ್ಯೂಟಿ ಮಾಡಿದ ದಿನಕ್ಕೆ ಭತ್ಯೆ. ಊರು ಬಿಡಲಾಗದವರಿಗೆ, ಅಂಗಡಿ ನೋಡಿಕೊಂಡು ಖಾಕಿ ಹಾಕುವ ಆಸೆ ಇದ್ದವರಿಗೆ ಸರಿ. ಹೆಣ್ಣುಮಕ್ಕಳೂ ಸೇರಬಹುದು.

ಹಾಗಾದರೆ ಯಾರಿಗೆ ಯಾವುದು?

ಇಪ್ಪತ್ತೊಂದರ ಒಳಗಿನ ಹುಡುಗ, ಎತ್ತರ ಇದೆ, ಮನೆಯಲ್ಲಿ ಅಣ್ಣನೋ ತಂದೆಯೋ ಹೊಲ ನೋಡಿಕೊಳ್ಳುತ್ತಾರೆ. ಅವನು ಮೊದಲು ಅಗ್ನಿವೀರಕ್ಕೆ ಪ್ರಯತ್ನ ಮಾಡಲಿ. ನಾಲ್ಕು ವರ್ಷ ಮುಗಿಸಿ ಬಂದರೂ ಟಿಎ ವಯಸ್ಸು ಅವನಿಗೆ ಇನ್ನೂ ಉಳಿದಿರುತ್ತದೆ. ಜೊತೆಗೇ ಪೊಲೀಸ್ ಪರೀಕ್ಷೆಗೂ ಓದಲಿ. ಎರಡಕ್ಕೂ ಓಟ ಒಂದೇ.

ಮನೆಗೆ ಒಬ್ಬನೇ ಮಗ, ತಂದೆಗೆ ವಯಸ್ಸಾಗಿದೆ, ಪ್ರತಿ ತಿಂಗಳು ಇಂತಿಷ್ಟು ಬಂದರೇ ಒಲೆ ಉರಿಯುತ್ತದೆ. ಅವನಿಗೆ ನಾನು ಟಿಎ ಹೇಳುವುದಿಲ್ಲ. ಡಿಎಆರ್, ಕೆಎಸ್‌ಆರ್‌ಪಿ ಹೇಳುತ್ತೇನೆ.

ಮೂವತ್ತರ ಆಸುಪಾಸು, ನೀರಾವರಿ ಹೊಲ ಇದೆ, ತಮ್ಮ ಜೊತೆಗಿದ್ದಾನೆ, ಸೈನ್ಯಕ್ಕೆ ಹೋಗಲಾಗದ ಕೊರಗು ಇನ್ನೂ ಎದೆಯಲ್ಲಿದೆ. ಅವನು ಟಿಎಗೆ ಹೋಗಲಿ. ಟಿಎ ಇರುವುದೇ ಅವನಂಥವರಿಗೆ. ಸರ್ಕಾರಿ ನೌಕರಿ ಇದ್ದವರಿಗೂ ಒಳ್ಳೆಯದು. ಟಿಎ ಡ್ಯೂಟಿ ಮುಗಿಸಿ ಬಂದವನನ್ನು ಮೊದಲಿನ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಬೇಕು ಅಂತ ಕಾಯ್ದೆಯಲ್ಲೇ ಇದೆ. ಆದರೂ ಖಾಸಗಿ ಕೆಲಸದಲ್ಲಿರುವವರು ಮಾಲೀಕರ ಜೊತೆ ಮೊದಲೇ ಮಾತಾಡಿ, ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ನನ್ನ ಜೊತೆಯವನೊಬ್ಬ ಹೇಳದೇ ಸೇರಿದ್ದ. ಡ್ಯೂಟಿ ಮುಗಿಸಿ ಬಂದಾಗ ಅವನ ಕುರ್ಚಿಯಲ್ಲಿ ಬೇರೆಯವನು ಕೂತಿದ್ದ. ಕೋರ್ಟು ಕಚೇರಿ ಅಲೆಯುವ ಶಕ್ತಿ ಅವನಿಗಿರಲಿಲ್ಲ.

ದಲ್ಲಾಳಿಗಳ ಬಗ್ಗೆ ಒಂದು ಮಾತು. 2024ರ ಆ ರ್‍ಯಾಲಿ ಹೊತ್ತಿಗೆ ನಮ್ಮ ಪಕ್ಕದೂರಿನ ಒಬ್ಬರು ಎಮ್ಮೆ ಮಾರಿ ಯಾರಿಗೋ ಹಣ ಕೊಟ್ಟರು. “ಮೆಡಿಕಲ್ ಪಾಸ್ ಮಾಡಸ್ತೀನಿ” ಅಂದಿದ್ದನಂತೆ. ಹುಡುಗ ಓಟದಲ್ಲೇ ಹೊರಬಿದ್ದ. ಆ ಮನುಷ್ಯನ ಫೋನು ಅವತ್ತಿನಿಂದ ಬಂದ್. ಭರ್ತಿಯಲ್ಲಿ ಯಾವ ಹಂತದಲ್ಲೂ ಯಾರಿಗೂ ದುಡ್ಡು ಕೊಡುವ ಕೆಲಸವಿಲ್ಲ. ಅಗ್ನಿವೀರ ಅರ್ಜಿಗೆ ಆನ್‌ಲೈನ್ ಶುಲ್ಕ 250 ರೂಪಾಯಿ, ಅಷ್ಟೇ.

ನಮ್ಮ ಓಣಿಯ ಹುಡುಗನಿಗೂ ಇದನ್ನೆಲ್ಲ ಹೇಳಿದೆ. ಮಾರನೇ ದಿನ ಅವರಪ್ಪನನ್ನು ಕರೆದುಕೊಂಡು ಬಂದ. ಅವರು ಹೊಲದ ಉತಾರ ತಂದಿದ್ದರು, ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಕಟ್ಟೆ ಮೇಲೆ ಕೂತು ಹುಡುಗನ ಹತ್ತನೇ ಮಾರ್ಕ್ಸ್ ಕಾರ್ಡ್ ನೋಡಿದೆವು. ಹುಟ್ಟಿದ ತಾರೀಕು ನೋಡಿ ಅಗ್ನಿವೀರಕ್ಕೆ ಇನ್ನೂ ಒಂದು ಅವಕಾಶ ಇದೆ ಅಂತ ಲೆಕ್ಕ ಹಾಕಿದೆವು. ಗೋಡೆಗೆ ನಿಲ್ಲಿಸಿ ಎತ್ತರ ಅಳೆದೆ. 168. ಅವರಪ್ಪ ಟೇಪನ್ನು ಇನ್ನೊಂದು ಸಲ ತಾವೇ ಹಿಡಿದು ನೋಡಿದರು.

ಈಗ ಬೆಳಿಗ್ಗೆ ಐದಕ್ಕೆ ನಾನು ಎಮ್ಮೆಗೆ ಹುಲ್ಲು ಹಾಕುವ ಹೊತ್ತಿಗೆ ಅವನು ಕೆನಾಲ್ ದಂಡೆ ಮೇಲೆ ಓಡುತ್ತಿರುತ್ತಾನೆ. ನಿನ್ನೆಯ ಟೈಮು ಆರು ನಿಮಿಷ ಹತ್ತು ಸೆಕೆಂಡ್.